ಮೆಜೆಸ್ಟಿಕ್ ಪಕ್ಕದ ರೂಮೆಂಬ ಮೋಹ

ಬೆಂಗಳೂರಿಗೆ ಕೆಲಸದ ಮೇಲೆ ಹೊರಟವರಿಗೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ‘ಮೆಜೆಸ್ಟಿಕ್ ಹತ್ತಿರ ರೂಮ್ ಮಾಡಿಬಿಡಿ, ಅಲ್ಲಿಂದ ಎಲ್ಲ ಕಡೆಗೂ ಬಸ್ ಸಿಗುತ್ತೆ.’ ಹೋಗುವವರ ಕೆಲಸ ಏನು, ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಎಂದು ಯಾರೂ ಕೇಳುವುದಿಲ್ಲ. ಹೈಕೋರ್ಟಿನಲ್ಲಿ ಕೇಸಿದ್ದವರಿಗೂ ಇದೇ ಮಾತು, ಬೊಮ್ಮಸಂದ್ರದ ಆಸ್ಪತ್ರೆಯಲ್ಲಿ ಅಪ್ಪನ ಹೃದಯ ತೋರಿಸಬೇಕಾದ ಮಗಳಿಗೂ ಇದೇ ಮಾತು, ವೈಟ್‌ಫೀಲ್ಡಿನಲ್ಲಿ ಸಂದರ್ಶನವಿರುವ ಹುಡುಗನಿಗೂ ಇದೇ ಮಾತು. ಈಚೆಗೆ ರೂಮ್ ಬುಕ್ ಮಾಡುವ ಆ್ಯಪ್‌ಗಳು ಈ ಹಳೆಯ ಮಾತನ್ನೇ ಇಸ್ತ್ರಿ ಮಾಡಿ ‘ನಗರದ ಹೃದಯಭಾಗದಲ್ಲಿ’, ‘ಅತ್ಯುತ್ತಮ ಸಾರಿಗೆ ಸಂಪರ್ಕ’ ಎಂದು ಬರೆದುಕೊಳ್ಳುತ್ತಿವೆ. ನನ್ನ ತಕರಾರು ಇಷ್ಟು: ಇವತ್ತಿನ ಬೆಂಗಳೂರಿನಲ್ಲಿ ಈ ಸಲಹೆ ಬಹುಪಾಲು ಜನರ ಪಾಲಿಗೆ ತಪ್ಪು. ಅವರ ದುಡ್ಡು, ನಿದ್ದೆ, ಹೊತ್ತು ಮೂರನ್ನೂ ಅದು ನುಂಗುತ್ತದೆ.

ಒಂದು ಕಾಲಕ್ಕೆ ಅದು ಸರಿಯಾಗಿಯೇ ಇತ್ತು, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಮೈಸೂರಿನ ರೈಲುಹಳಿ 1882ರಲ್ಲಿ ಪೂರ್ತಿಯಾದ ಮೇಲೆ ಸಿಟಿ ಸ್ಟೇಷನ್ ಸುತ್ತ ಇಳಿದವರ ಸಂತೆ ಬೆಳೆಯಿತು. ಬಂದವರು ತಂಗಲೆಂದು ಗುಬ್ಬಿ ತೋಟದಪ್ಪನವರು ಸ್ಟೇಷನ್ ಎದುರಿಗೇ ಧರ್ಮಛತ್ರ ಕಟ್ಟಿಸಿದರು. ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳದಲ್ಲಿ ಬಸ್ ನಿಲ್ದಾಣ ಬಂತು. 1951ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ ಎಂಟು ಲಕ್ಷವನ್ನೂ ಮುಟ್ಟಿರಲಿಲ್ಲ. ಚಿಕ್ಕಪೇಟೆಯಲ್ಲಿ ಸೀರೆ, ಅವೆನ್ಯೂ ರಸ್ತೆಯಲ್ಲಿ ಪುಸ್ತಕ, ಬಳೇಪೇಟೆಯಲ್ಲಿ ವಾದ್ಯ, ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಔಷಧ, ಸೆಂಟ್ರಲ್ ಕಾಲೇಜಿನಲ್ಲಿ ಪರೀಕ್ಷೆ: ಬಂದ ಕೆಲಸ ಏನೇ ಆಗಲಿ, ಲಾಡ್ಜಿನ ಮೆಟ್ಟಿಲಿಳಿದರೆ ಕಾಲ್ನಡಿಗೆಯ ದಾರಿ. ಸಂಜೆ ಕೆಂಪೇಗೌಡ ರಸ್ತೆಯಲ್ಲಿ ಒಂದು ಸಿನಿಮಾ, ರಾತ್ರಿ ಬಸ್ಸು. ಅಂಥ ಊರಿನಲ್ಲಿ ನಡುಮಧ್ಯ ತಂಗುವುದಕ್ಕಿಂತ ಜಾಣತನ ಬೇರೆ ಇರಲಿಲ್ಲ. ಊರು ಆ ಮಾತನ್ನು ಎಂದೋ ದಾಟಿ ಹೋಯಿತು, ಮಾತು ಮಾತ್ರ ನಿಂತಲ್ಲೇ ನಿಂತಿದೆ.

ಆ ಕಾಲದಲ್ಲೂ ಬೆಂಗಳೂರಿಗೆ ನಡು ಒಂದೇ ಆಗಿರಲಿಲ್ಲ. ಕೆಂಪೇಗೌಡರ ಪೇಟೆ ಒಂದು ಕಡೆ, 1809ರಲ್ಲಿ ಬಂದು ಕೂತ ಬ್ರಿಟಿಷರ ದಂಡು ಇನ್ನೊಂದು ಕಡೆ. 1864ರಲ್ಲಿ ಮದ್ರಾಸಿನ ಕಡೆಯಿಂದ ಬಂದ ಮೊದಲ ರೈಲು ನಿಂತದ್ದು ದಂಡಿನಲ್ಲಿ, ಪೇಟೆಯಲ್ಲಲ್ಲ. ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದವು. ಅವು ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಈಗ ನೋಡಿದರೆ 2025ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಬಿಬಿಎಂಪಿಯನ್ನು ಮುಚ್ಚಿ ಐದು ಪಾಲಿಕೆ ಮಾಡಿತು. ಕಸ ಎತ್ತುವವರಿಗೇ ಒಂದು ನಡುಮಧ್ಯದಿಂದ ಈ ಊರನ್ನು ಸಂಭಾಳಿಸಲಾಗದು ಎಂದು ಗೊತ್ತಾಗಿರುವಾಗ, ರೂಮ್ ಹಿಡಿಯುವವರು ಮಾತ್ರ ಇನ್ನೂ ನಡುವನ್ನೇ ಹುಡುಕುತ್ತಿದ್ದಾರೆ.

‘ಎಲ್ಲ ಕಡೆಗೂ ಸಮ ಹತ್ತಿರ’ ಎನ್ನುವುದು ಈ ವಾದದ ಬೆನ್ನೆಲುಬು. ಸುಮಾರು 700 ಚದರ ಕಿಲೋಮೀಟರ್ ಹರಡಿದ ಊರಿನಲ್ಲಿ ಎಲ್ಲಕ್ಕೂ ಸಮ ಹತ್ತಿರ ಎಂದರೆ ಎಲ್ಲಕ್ಕೂ ಸಮ ದೂರ ಎಂದೇ ಲೆಕ್ಕ. ಮೆಟ್ರೊದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ ಬಿಟ್ಟು ಪೂರ್ವಕ್ಕೆ ಹೊರಟರೆ, ಐಟಿಪಿಎಲ್ ಪಕ್ಕದ ಪಟ್ಟಂದೂರು ಅಗ್ರಹಾರ 19ನೆಯ ನಿಲ್ದಾಣ, ಕೊನೆಯ ಕಾಡುಗೋಡಿ 22ನೆಯದು. ಎಲೆಕ್ಟ್ರಾನಿಕ್ ಸಿಟಿಗಾದರೆ ಹಸಿರು ಮಾರ್ಗದಲ್ಲಿ ಏಳು ನಿಲ್ದಾಣ ದಾಟಿ ಆರ್.ವಿ. ರಸ್ತೆಯಲ್ಲಿ ಇಳಿಯಬೇಕು, ಅಲ್ಲಿ ಹಳದಿ ಮಾರ್ಗ ಹತ್ತಿ ಮತ್ತೆ ಹನ್ನೊಂದು ನಿಲ್ದಾಣ. 2025ರ ಆಗಸ್ಟಿನಲ್ಲಿ ಆ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದು ರೈಲು ಬಿಡುತ್ತಿದ್ದರು. ಆಗ ಕಣ್ಣೆದುರೇ ಒಂದು ತಪ್ಪಿದರೆ ಪ್ಲಾಟ್‌ಫಾರಂನಲ್ಲಿ ಅರ್ಧ ತಾಸು ಜಪವಾಗುತ್ತಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ವೈಟ್‌ಫೀಲ್ಡಿನಲ್ಲಿ ಸಂದರ್ಶನವಿರುವ ಹುಡುಗ ಅಷ್ಟೂ ನಿಲ್ದಾಣಗಳ ಪ್ರಯಾಣವನ್ನು ಮೈಗಂಟಿದ ಇಸ್ತ್ರಿ ಅಂಗಿಯಲ್ಲಿ ಮಾಡಿ ಮುಗಿಸಬೇಕು. ಅದೇ ಹುಡುಗ ಹೂಡಿಯಲ್ಲೋ ಕುಂದಲಹಳ್ಳಿಯಲ್ಲೋ ತಂಗಿದ್ದರೆ ಇಡ್ಲಿ ತಿಂದು, ಬಯೋಡೇಟಾದ ಇನ್ನೊಂದು ಪ್ರತಿ ತೆಗೆಸಿಕೊಂಡು, ನಿಧಾನಕ್ಕೆ ಹೊರಡಬಹುದಿತ್ತು.

‘ಮೆಜೆಸ್ಟಿಕ್‌ನಿಂದ ಬಸ್ಸಿಲ್ಲದ ಜಾಗ ಉಂಟೆ?’ ಎನ್ನುತ್ತಾರೆ. ಬಸ್ಸಿದೆ. ಕಾಡುಗೋಡಿಗೆ 335ಇ ಇದೆ, ಎಲೆಕ್ಟ್ರಾನಿಕ್ ಸಿಟಿ ಕಡೆಗೆ 356 ಸರಣಿ ಇದೆ. ಬಸ್ಸಿರುವುದು ಬೇರೆ, ಅದು ಹೊತ್ತಿಗೆ ಮುಟ್ಟುವುದು ಬೇರೆ. ಹಾಗೆ ನೋಡಿದರೆ ಇವತ್ತಿನ ಬೆಂಗಳೂರಿನ ದುಡಿಮೆಯ ಒಂದು ದೊಡ್ಡ ಪಾಲು ಇರುವುದು ಹೊರವರ್ತುಲ ರಸ್ತೆಯ ಉದ್ದಕ್ಕೆ. ಹೆಬ್ಬಾಳ, ನಾಗವಾರ, ಮಾರತ್ತಹಳ್ಳಿ, ಬೆಳ್ಳಂದೂರು, ಸಿಲ್ಕ್ ಬೋರ್ಡ್ ಎಲ್ಲ ಆ ದಾರಿಯಲ್ಲೇ ಇವೆ. ಅಲ್ಲಿ ಓಡುವ 500ಡಿ ಬಸ್ಸು ಮೆಜೆಸ್ಟಿಕ್‌ನ ಮುಖವನ್ನೂ ನೋಡುವುದಿಲ್ಲ. ಆ ದಾರಿಯಲ್ಲಿ ಕೆಲಸವಿರುವವರಿಗೆ ನಡುಮಧ್ಯದ ರೂಮು ಎಂದರೆ ದಿನಕ್ಕೆ ಎರಡು ಸಲ ಊರಿನ ಹೊಟ್ಟೆಯನ್ನು ಸೀಳಿಕೊಂಡು ಹೋಗಿ ಬರುವ ಶಿಕ್ಷೆ.

ಇನ್ನು ಬರುವ ದಾರಿ ನೋಡಿ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಮಂಗಳೂರು ಕಡೆಯಿಂದ ತುಮಕೂರು ರಸ್ತೆ ಹಿಡಿದು ಬರುವ ರಾತ್ರಿ ಬಸ್ಸುಗಳೆಲ್ಲ ನಸುಕಿನಲ್ಲಿ ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ ದಾಟಿಯೇ ಬರುತ್ತವೆ. ಕ್ಲೀನರ್ ಬಾಗಿಲು ಬಡಿದು ‘ಗೊರಗುಂಟೆಪಾಳ್ಯ, ಗೊರಗುಂಟೆಪಾಳ್ಯ’ ಎಂದು ಕೂಗುತ್ತಾನೆ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸವಿರುವ ಮನುಷ್ಯ ಆಗ ಮಗ್ಗುಲು ಬದಲಿಸಿ ಮಲಗುತ್ತಾನೆ. ರೂಮು ಇರುವುದು ಮೆಜೆಸ್ಟಿಕ್‌ನಲ್ಲಿ ತಾನೆ? ಅಲ್ಲಿಗೆ ಹೋಗಿ, ಇಳಿದು, ಬ್ಯಾಗು ಹೊತ್ತು, ರೂಮು ಹಿಡಿದು, ಸ್ನಾನ ಮಾಡಿ, ಮತ್ತೆ ಹತ್ತು ಕಿಲೋಮೀಟರ್ ವಾಪಸು ಪೀಣ್ಯಕ್ಕೆ. ತನ್ನ ಕೆಲಸದ ಜಾಗವನ್ನು ನಿದ್ದೆಗಣ್ಣಿನಲ್ಲಿ ದಾಟಿಹೋಗಿ ಎಚ್ಚರದಲ್ಲಿ ತಿರುಗಿ ಬರುವ ಇಂಥವರು ದಿನಾ ಬೆಳಿಗ್ಗೆ ಎಷ್ಟು ಮಂದಿಯೋ. ಕಳೆದ ಸಲ ನಮ್ಮ ಭಾವನವರಿಗೂ ಇದನ್ನೇ ಹೇಳಿದೆ. ‘ಗೊರಗುಂಟೆಪಾಳ್ಯದಲ್ಲಿ ಇಳಿದರೆ ಬೆಂಗಳೂರಿಗೆ ಬಂದ ಹಾಗೆ ಅನ್ನಿಸಲ್ಲ ಮಾರಾಯ’ ಎಂದರು. ವಾದಕ್ಕೆ ಉತ್ತರ ಕೊಡಬಹುದು, ಈ ಭಾವನೆಗೆ ಏನು ಕೊಡುವುದು?

ರೈಲಿನವರ ಕಥೆಯೂ ಹೀಗೆಯೇ. ಎಲ್ಲ ರೈಲೂ ಸಿಟಿ ಸ್ಟೇಷನ್ನಿಗೆ, ಅಂದರೆ ಈಗಿನ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಬರುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. 2022ರ ಜೂನಿನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಯಿತು. ಕಲಬುರಗಿಯಿಂದ 2024ರಲ್ಲಿ ಬಂದ ವಂದೇ ಭಾರತ್ ಯಲಹಂಕದಲ್ಲಿ ನಿಂತು ಕೊನೆಗೆ ಹೋಗಿ ಮುಟ್ಟುವುದು ಅಲ್ಲಿಗೇ. ಬೀದರಿನ ಎಕ್ಸ್‌ಪ್ರೆಸ್ ಯಶವಂತಪುರದಲ್ಲೇ ಮುಗಿಯುತ್ತದೆ. ಕಲಬುರಗಿಯಿಂದ ಬಂದವರು ಟರ್ಮಿನಲ್ಲಿನಲ್ಲಿ ಇಳಿದು ‘ಮೆಜೆಸ್ಟಿಕ್‌ಗೆ ಹೇಗೆ ಹೋಗೋದ್ರಿ?’ ಎಂದು ಆಟೊದವರನ್ನು ಕೇಳುತ್ತಾರೆ. ಕೇಳಿಸಿಕೊಂಡ ಆಟೊದವರು ಮೀಟರಿನ ಕಡೆ ನೋಡುವುದಿಲ್ಲ. ಆ ಪ್ರಯಾಣಿಕರಲ್ಲಿ ಎಷ್ಟು ಜನರ ಕೆಲಸ ಪೂರ್ವದ ಕಡೆಗೇ ಇರುತ್ತದೆ! ಇಳಿದ ಜಾಗಕ್ಕೂ ಹೋಗಬೇಕಾದ ಜಾಗಕ್ಕೂ ಸಂಬಂಧವಿಲ್ಲದ ಮೂರನೆಯ ಜಾಗದಲ್ಲಿ ರೂಮು ಮಾಡುವುದನ್ನು ‘ಉತ್ತಮ ಸಾರಿಗೆ ಸಂಪರ್ಕ’ ಎಂದು ಕರೆಯುವುದು ಬಲು ಸೋಜಿಗ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಆಸ್ಪತ್ರೆಗೆ ಬರುವವರಿಗೆ ಈ ಸಲಹೆ ಕೊಡುವುದು. ಉತ್ತರ ಕರ್ನಾಟಕದಿಂದ, ಮಲೆನಾಡಿನಿಂದ ಕಿದ್ವಾಯಿಗೆ, ನಿಮ್ಹಾನ್ಸ್‌ಗೆ, ಜಯದೇವಕ್ಕೆ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗೆ, ಬೊಮ್ಮಸಂದ್ರದ ನಾರಾಯಣಕ್ಕೆ ಬರುವವರು ನೆಂಟರ ಮದುವೆಗೆ ಬಂದವರಲ್ಲ. ಹೊರರೋಗಿ ಚೀಟಿಗೆ ನಸುಕಿನಲ್ಲೇ ಸಾಲು ನಿಲ್ಲಬೇಕು. ರಕ್ತ ಕೊಟ್ಟು ಎರಡು ಗಂಟೆ ಕಾಯಬೇಕು, ‘ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎನ್ನಿಸಿಕೊಳ್ಳಬೇಕು, ನಡುವೆ ರೋಗಿಯನ್ನು ಒಂದಿಷ್ಟು ಹೊತ್ತು ಮಲಗಿಸಬೇಕು. ಕೀಮೊ ಹಾಕಿಸಿಕೊಂಡು ವಾಕರಿಕೆ ಬರುತ್ತಿರುವವರನ್ನು ಆಟೊದಲ್ಲಿ ಕೂರಿಸಿ, ಲಾಲ್‌ಬಾಗ್ ದಾಟಿಸಿ, ಕೆ.ಆರ್. ಮಾರ್ಕೆಟ್ಟಿನ ಗಿಜಿಬಿಜಿ ದಾಟಿಸಿ, ಕಾಟನ್‌ಪೇಟೆಯ ಸಂದಿಯಲ್ಲಿ ಲಿಫ್ಟಿಲ್ಲದ ಮೂರನೆಯ ಮಹಡಿಗೆ ಹತ್ತಿಸುವುದಕ್ಕೆ ಯಾವ ನಡುಮಧ್ಯದ ಸಮರ್ಥನೆ ಸಾಕಾದೀತು? ಆಸ್ಪತ್ರೆಯ ಸುತ್ತ ಇಷ್ಟೇ ಬೆಲೆಗೆ ರೂಮು ಸಿಗುವುದಿಲ್ಲ ಎನ್ನುವವರು ಒಮ್ಮೆ ಆ ಬೀದಿಗಳಲ್ಲಿ ನಡೆದು ನೋಡಬೇಕು. ದೊಡ್ಡ ಆಸ್ಪತ್ರೆ ಇದ್ದಲ್ಲೆಲ್ಲ ದಿನಬಾಡಿಗೆಯ ಕೋಣೆಗಳಿವೆ, ಒಲೆ ಪಾತ್ರೆ ಕೊಡುವ ಮನೆಗಳಿವೆ, ಗಂಜಿ ಮಾಡಿಕೊಡುವ ಮೆಸ್ಸುಗಳಿವೆ. ಕಿದ್ವಾಯಿಯ ಆವರಣದಲ್ಲೇ ಧರ್ಮಶಾಲೆ ಇದೆ.

ಬೊಮ್ಮಸಂದ್ರಕ್ಕೆ ಹೋದರೆ ನಾಚಿಕೆಪಡಬೇಕಾದ ಒಂದು ಸಂಗತಿ ಕಾಣುತ್ತದೆ. ಆಸ್ಪತ್ರೆಯ ಆಚೀಚೆಯ ಲಾಡ್ಜುಗಳ ಮೇಲೆ, ಊಟದ ಅಂಗಡಿಗಳ ಮೇಲೆ ಬಂಗಾಳಿ ಅಕ್ಷರದ ಬೋರ್ಡುಗಳಿವೆ. ಕೋಲ್ಕತ್ತಾದ ಕಡೆಯಿಂದ, ಗಡಿಯಾಚೆಯ ಬಾಂಗ್ಲಾದೇಶದಿಂದ ಬರುವವರು ರೋಗಿಯನ್ನು ಕರೆದುಕೊಂಡು ನೇರ ಅಲ್ಲಿಗೇ ಹೋಗಿ, ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ ಕೋಣೆ ಹಿಡಿದು, ಮೀನುಸಾರು ಬೇಯಿಸಿಕೊಂಡು ಇರುತ್ತಾರೆ. ಅವರಿಗೆ ಬೆಂಗಳೂರು ಗೊತ್ತಿಲ್ಲ, ಕನ್ನಡ ಗೊತ್ತಿಲ್ಲ, ಮೆಜೆಸ್ಟಿಕ್ ಗೊತ್ತಿಲ್ಲ. ಮೆಜೆಸ್ಟಿಕ್ ಗೊತ್ತಿಲ್ಲದ್ದರಿಂದಲೇ ಅವರಿಗೆ ಒಳ್ಳೆಯದಾಯಿತು. ಬೆಂಗಳೂರು ನಮ್ಮದೇ ಎನ್ನುವ ರಾಯಚೂರಿನವರು, ಯಾದಗಿರಿಯವರು ಮೆಜೆಸ್ಟಿಕ್‌ನಲ್ಲಿ ಬ್ಯಾಗಿಟ್ಟು ದಿನಾ ಹೊಸೂರು ರಸ್ತೆ ಅಳೆಯುತ್ತಾರೆ. ತಪ್ಪು ರಾಯಚೂರಿನವರದಲ್ಲ. ಅವರಿಗೆ ಫೋನಿನಲ್ಲಿ ದಾರಿ ಹೇಳಿದ ನಮ್ಮಂಥವರದು.

‘ಬಸ್ ನಿಲ್ದಾಣಕ್ಕೆ ಐದೇ ನಿಮಿಷ’ ಎಂಬ ಜಾಹೀರಾತಿನ ವಿಚಾರಕ್ಕೆ ಬರೋಣ. ಯಾರ ಕಾಲಿಗೆ ಐದು ನಿಮಿಷ? ಆ್ಯಪ್‌ನಲ್ಲಿ ‘ಕೇಂದ್ರದಿಂದ ಅರ್ಧ ಕಿಲೋಮೀಟರ್’ ಎಂದು ತೋರಿಸುವಾಗ ಅದು ಸಾಮಾನ್ಯವಾಗಿ ನಕ್ಷೆಯ ಮೇಲೆ ಕಾಗೆ ಹಾರುವ ಅಳತೆ. ಅದರಲ್ಲಿ ಅಂಡರ್‌ಪಾಸಿನ ಮೆಟ್ಟಿಲಿಲ್ಲ, ದಾಟಲಾಗದ ಡಿವೈಡರ್ ಇಲ್ಲ, ಫುಟ್‌ಪಾತ್ ಮೇಲೆ ಹರಡಿದ ಚಪ್ಪಲಿ ಅಂಗಡಿಯಿಲ್ಲ, ‘ರೂಮ್ ಬೇಕಾ ಸಾರ್, ರೂಮ್’ ಎಂದು ಬ್ಯಾಗಿಗೆ ಕೈ ಹಾಕುವ ದಲ್ಲಾಳಿಯಿಲ್ಲ. ಎರಡು ಬ್ಯಾಗು, ಒಂದು ಮಗು, ಮಂಡಿನೋವಿನ ಅತ್ತೆ ಇದ್ದರೆ ಆ ಅರ್ಧ ಕಿಲೋಮೀಟರ್ ಮುಕ್ಕಾಲು ಗಂಟೆಯ ಯಾತ್ರೆ. ಮೆಜೆಸ್ಟಿಕ್ ಎನ್ನುವುದು ಒಂದು ಜಾಗವೂ ಅಲ್ಲ. ಕೆಎಸ್‌ಆರ್‌ಟಿಸಿಯ ಟರ್ಮಿನಲ್‌ಗಳು ಒಂದು ಕಡೆ, ಬಿಎಂಟಿಸಿ ಒಂದು ಕಡೆ, ನೆಲದಡಿಯಲ್ಲಿ ಎರಡು ಅಂತಸ್ತಿನ ಮೆಟ್ರೊ, ರಸ್ತೆಯಾಚೆ ರೈಲು ನಿಲ್ದಾಣ. ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಒಂದು ಪ್ರಯಾಣ. ಮೈಸೂರು, ಮಂಡ್ಯ ಕಡೆಯ ಬಸ್ಸಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣ, ತಮಿಳುನಾಡಿನ ಬಸ್ಸಿಗೆ ಶಾಂತಿನಗರ, ಖಾಸಗಿ ಬಸ್ಸಿಗೆ ಕಲಾಸಿಪಾಳ್ಯವೋ ಆನಂದರಾವ್ ವೃತ್ತವೋ. ‘ಎಲ್ಲ ಅಲ್ಲೇ ಸಿಗುತ್ತೆ’ ಎನ್ನುವ ಮಾತು ಎಂದೋ ಸುಳ್ಳಾಗಿದೆ.

ಹಿಂದೆ ಅಲ್ಲಿ ಇಳಿದವರು ಬರೆದ ಅಭಿಪ್ರಾಯಗಳನ್ನು ಓದಿ ನಂಬುವವರೂ ಇದ್ದಾರೆ. ‘ಲೊಕೇಶನ್ ಸೂಪರ್’ ಎಂದು ಬರೆದವರು ರಾತ್ರಿ ಒಂಬತ್ತಕ್ಕೆ ಬಂದು, ಬೆಳಿಗ್ಗೆ ಆರಕ್ಕೆ ತಿರುಪತಿ ಬಸ್ಸು ಹಿಡಿದವರಿರಬಹುದು. ಅವರ ಕೆಲಸಕ್ಕೆ ಆ ಲೊಕೇಶನ್ ಸೂಪರ್, ನಿಮ್ಮ ಕೆಲಸಕ್ಕೆ ಹಾಗೆನ್ನಲು ಅವರ್ಯಾರು? ನೂರು ಜನರ ನಕ್ಷತ್ರಗಳನ್ನು ಕೂಡಿಸಿ ಭಾಗಿಸಿದರೆ ಬರುವ ಉತ್ತರ ಯಾರ ಕೆಲಸಕ್ಕೂ ಹೊಂದಿಕೊಳ್ಳದ ಉತ್ತರ. ಜಾಗಕ್ಕೆ ಕೊಟ್ಟ ಬೆಲೆ ಕೋಣೆಯಿಂದ ಕಳೆಯುತ್ತದೆ ಎಂಬುದನ್ನೂ ಯಾರೂ ಬರೆಯುವುದಿಲ್ಲ. ನಡುಮಧ್ಯದ ಲಾಡ್ಜಿನಲ್ಲಿ ಅದೇ ದುಡ್ಡಿಗೆ ಸಿಗುವುದು ಗಾಳಿಗುಂಡಿಯ ಕಡೆಗೆ ತೆರೆಯುವ ಕಿಟಕಿ, ರಾತ್ರಿಯಿಡೀ ರಿವರ್ಸ್ ತೆಗೆಯುವ ಬಸ್ಸಿನ ಪೀಪಿ, ನಸುಕಿನ ನಾಲ್ಕಕ್ಕೆ ಪಕ್ಕದ ಕೋಣೆಗೆ ಬಂದಿಳಿದ ಹನ್ನೆರಡು ಜನರ ತಂಡ.

‘ಮೆಟ್ರೊ ಬಂದ ಮೇಲಂತೂ ಮೆಜೆಸ್ಟಿಕ್‌ಗಿಂತ ಒಳ್ಳೆಯ ಜಾಗ ಇಲ್ಲ, ಎರಡು ಮಾರ್ಗ ಕೂಡುವುದೇ ಅಲ್ಲಿ’ ಎನ್ನುವ ಹೊಸ ತರ್ಕವೊಂದು ಹುಟ್ಟಿದೆ. ಇದು ಪೂರ್ತಿ ತಲೆಕೆಳಗು. ಮೆಟ್ರೊ ಬಂದದ್ದರಿಂದಲೇ ನಡುಮಧ್ಯ ಇರಬೇಕಾದ ಅಗತ್ಯ ತೀರಿತು. ವಿಜಯನಗರದಿಂದ ಮೆಜೆಸ್ಟಿಕ್‌ಗೆ ನಾಲ್ಕೇ ನಿಲ್ದಾಣ, ಹತ್ತು ನಿಮಿಷದೊಳಗಿನ ಹಾದಿ. ಗಾಂಧಿನಗರದ ಒಳಬೀದಿಯ ಲಾಡ್ಜಿನಿಂದ ಮೆಜೆಸ್ಟಿಕ್ ಮೆಟ್ರೊದ ಪ್ಲಾಟ್‌ಫಾರಂ ಮುಟ್ಟಲು, ಬ್ಯಾಗ್ ತಪಾಸಣೆಯ ಸಾಲು ಸೇರಿ, ಅದಕ್ಕಿಂತ ಹೆಚ್ಚು ಹೊತ್ತು ಬೇಕು. ವಿಜಯನಗರದಲ್ಲೋ ರಾಜಾಜಿನಗರದಲ್ಲೋ ಜಯನಗರದಲ್ಲೋ ನಿಲ್ದಾಣದ ಪಕ್ಕವೇ ಇಳಿದುಕೊಂಡವರು ಮೆಜೆಸ್ಟಿಕ್‌ನಲ್ಲಿ ತಂಗಿದವರಿಗಿಂತ ಮೊದಲೇ ಮೆಜೆಸ್ಟಿಕ್ ದಾಟಿ ಹೋಗಿರುತ್ತಾರೆ. ನೋಡಬೇಕಾದದ್ದು ನಿಮ್ಮ ಕೆಲಸದ ಮಾರ್ಗ ಯಾವುದು, ಆ ಮಾರ್ಗದ ನಿಲ್ದಾಣಕ್ಕೆ ರೂಮಿನಿಂದ ನಡೆದು ಹೋಗಬಹುದೇ, ನಡುವೆ ಗಾಡಿ ಬದಲಿಸಬೇಕೇ ಎನ್ನುವುದನ್ನು. ಅದು ಊರಿನ ನಡುವೋ ಅಂಚೋ ಎನ್ನುವುದು ನಕ್ಷೆ ಬರೆಯುವವರ ತಲೆನೋವು. ದರದ ಮಾತೂ ಇದೆ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಏರಿತು. ಮೂರು ಜನ ಊರಿನ ನಡುವಿನಿಂದ ಅಂಚಿಗೆ ನಾಲ್ಕು ದಿನ ಹೋಗಿ ಬಂದರೆ ಅಗ್ಗದ ಲಾಡ್ಜಿನಲ್ಲಿ ಉಳಿಸಿದ್ದು ಕೌಂಟರಿನಲ್ಲಿ ಹೋಗುತ್ತದೆ. ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳಿಗಾದರೆ 2023ರ ಜೂನಿನಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡೇ ಇಲ್ಲದ ಮೇಲೆ, ಬಸ್ ಖರ್ಚು ಉಳಿಸಲು ಮೆಜೆಸ್ಟಿಕ್‌ನಲ್ಲೇ ಇರಬೇಕು ಎಂಬ ಹಳೆಯ ಲೆಕ್ಕಕ್ಕೆ ಅರ್ಥವೇ ಉಳಿದಿಲ್ಲ.

ಎದುರಾಳಿಯ ಕೈಯಲ್ಲಿ ಗಟ್ಟಿ ಅಸ್ತ್ರಗಳೇ ಇಲ್ಲ ಎಂದಲ್ಲ. ನಸುಕಿನಲ್ಲಿ ಬಂದಿಳಿದು, ಹತ್ತೂವರೆಗೆ ವಿಧಾನಸೌಧದಲ್ಲೋ ಬಹುಮಹಡಿ ಕಟ್ಟಡದಲ್ಲೋ ಹೈಕೋರ್ಟಿನಲ್ಲೋ ಕೆಲಸ ಮುಗಿಸಿ, ರಾತ್ರಿ ಬಸ್ಸಿಗೆ ಹಿಂತಿರುಗುವವರಿಗೆ ಮೆಜೆಸ್ಟಿಕ್‌ನಷ್ಟು ಸರಿಯಾದ ಜಾಗ ಇನ್ನೊಂದಿಲ್ಲ. ಮೆಟ್ರೊದಲ್ಲಿ ವಿಧಾನಸೌಧ ಎರಡನೆಯ ನಿಲ್ದಾಣ. ಅಲ್ಲಿನ ಹಳೆಯ ಲಾಡ್ಜುಗಳ 24 ಗಂಟೆ ಚೆಕ್‌ಔಟ್ ಪದ್ಧತಿ ರಾತ್ರಿ ಬಸ್ಸಿನ ಪ್ರಯಾಣಿಕರಿಗೆ ನಿಜವಾದ ಉಪಕಾರ. ಮಧ್ಯಾಹ್ನ ಹನ್ನೆರಡಕ್ಕೆ ಒಳಗೆ ಬಿಟ್ಟು ಮರುದಿನ ಹನ್ನೊಂದಕ್ಕೆ ಹೊರಗೆ ಹಾಕುವ ದೊಡ್ಡ ಹೋಟೆಲುಗಳಿಗೆ ಆ ದೊಡ್ಡತನ ಬಂದಿಲ್ಲ. ಚಿಕ್ಕಪೇಟೆಯಲ್ಲಿ ಮದುವೆ ಜವಳಿ ತೆಗೆಯುವವರೂ ಅಲ್ಲೇ ಇರಲಿ. ನನ್ನ ಜಗಳ ಅವರ ಮೇಲಲ್ಲ. ಅವರಿಗೆ ಸರಿಯಾದದ್ದನ್ನು ಎಲ್ಲರ ತಲೆಗೂ ಕಟ್ಟುವ ಸೋಮಾರಿತನದ ಮೇಲೆ.

ಊರಿನ ನಾಲ್ಕು ಮೂಲೆಯಲ್ಲೂ ಕೆಲಸವಿರುವವರು ಏನು ಮಾಡಬೇಕು ಎಂದು ಕೇಳಬಹುದು. ನಾಲ್ಕು ಮೂಲೆಯ ಕೆಲಸವನ್ನು ಒಂದೇ ರೂಮಿನಿಂದ ಮಾಡಬೇಕೆಂದು ಶಾಸ್ತ್ರವಿಲ್ಲ. ಮೊದಲ ರಾತ್ರಿ ಯಲಹಂಕದಲ್ಲಿ, ಮೂರನೆಯ ರಾತ್ರಿ ಬನಶಂಕರಿಯಲ್ಲಿ ಇದ್ದರೆ ಪಾಪ ಬರುವುದಿಲ್ಲ. ಅದೂ ಬೇಡವೆಂದರೆ, ಎಲ್ಲಕ್ಕಿಂತ ಬೆಳಿಗ್ಗೆ ಬೇಗ ಇರುವ, ತಪ್ಪಿದರೆ ಎಲ್ಲಕ್ಕಿಂತ ನಷ್ಟವಾಗುವ ಕೆಲಸ ಯಾವುದೋ ಅದರ ಬಾಗಿಲಿಗೆ ಹತ್ತಿರ ಇರಿ. ಉಳಿದವಕ್ಕೆ ತಡವಾದರೆ ಫೋನ್ ಮಾಡಿ ಹೇಳಬಹುದು.

ಸ್ಪರ್ಧಾತ್ಮಕ ಪರೀಕ್ಷೆ ಬರೆಯಲು ಬರುವ ಮಕ್ಕಳಿಗೆ ಹಾಗೆ ಹೇಳುವ ಅವಕಾಶ ಇಲ್ಲ. ಗೇಟು ಮುಚ್ಚಿದರೆ ಮುಚ್ಚಿತು, ಒಂದು ವರ್ಷ ಹೋಯಿತು. ಈ ಪರೀಕ್ಷೆಗಳು ಬಹುಪಾಲು ಭಾನುವಾರ ನಡೆಯುತ್ತವೆ, ಭಾನುವಾರ ಮೆಟ್ರೊ ಶುರುವಾಗುವುದು ಬೆಳಿಗ್ಗೆ ಏಳಕ್ಕೆ. ದೊಡ್ಡ ಪರೀಕ್ಷೆಗಳ ದಿನ ಒಮ್ಮೊಮ್ಮೆ ಬೇಗ ಬಿಡುತ್ತಾರೆ, ಅದೂ ಪ್ರಕಟಣೆ ನೋಡಿಕೊಂಡರೆ ಮಾತ್ರ ಗೊತ್ತು. ಕೇಂದ್ರ ಯಲಹಂಕದ ಯಾವುದೋ ಬಡಾವಣೆಯ ಶಾಲೆ. ಹಾಲ್ ಟಿಕೆಟ್ಟಿನಲ್ಲಿ ವಿಳಾಸ ಅಚ್ಚಾಗಿಯೇ ಇರುತ್ತದೆ. ಆದರೂ ಶನಿವಾರ ರಾತ್ರಿ ನಾಲ್ಕು ಗೆಳೆಯರು ಸೇರಿ ರೂಮು ಹಿಡಿಯುವುದು ಮೆಜೆಸ್ಟಿಕ್‌ನಲ್ಲಿ. ವಿಳಾಸ ಕೈಯಲ್ಲಿದ್ದೂ ನಡುಮಧ್ಯಕ್ಕೇ ಬಂದು ಬೀಳುವ ಈ ಅಭ್ಯಾಸಕ್ಕೆ ಮೋಹ ಎನ್ನದೆ ಏನೆನ್ನಲಿ?

ವಿಮಾನದವರ ವಿಷಯ ಎರಡೇ ಮಾತು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಬಂದಾಗಲೇ ನಡುಮಧ್ಯದ ಹೋಟೆಲಿನ ಹಳೆಯ ಗುಣ ಅರ್ಧ ಹೋಯಿತು. ಮೆಜೆಸ್ಟಿಕ್‌ನಿಂದ ಅದು ಸುಮಾರು 35 ಕಿಲೋಮೀಟರ್. ಬೆಳಗಿನ ಜಾವದ ವಿಮಾನವಿದ್ದರೆ ಹಿಂದಿನ ರಾತ್ರಿ ಹೆಬ್ಬಾಳದ ಆಚೆ ಇರಿ. ಕೆಐಎ-9 ವಾಯುವಜ್ರ ಮೆಜೆಸ್ಟಿಕ್‌ನಿಂದ ಹೋಗುತ್ತದೆ ನಿಜ, ಎಲೆಕ್ಟ್ರಾನಿಕ್ ಸಿಟಿಯಿಂದಲೂ ಕೆಐಎ-8 ಹೋಗುತ್ತದೆ.

ಚರ್ಚೆ ಇಲ್ಲಿಗೆ ಬಂದಾಗ ಎದುರಾಳಿಗಳು ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣವನ್ನು ಎದುರಿಗೆ ತಂದು ನಿಲ್ಲಿಸುತ್ತಾರೆ. ಉತ್ತರದ ಕಡೆಯ ಬಸ್ಸುಗಳನ್ನು 2014ರಲ್ಲಿ ಅಲ್ಲಿಗೆ ಕಳಿಸಿದರು, ಜನ ಒಪ್ಪಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೇ ವಾಪಸು ಬಂದವು. ಜನಕ್ಕೆ ಬೇಕಾದದ್ದು ಮೆಜೆಸ್ಟಿಕ್ಕೇ ಎಂಬುದಕ್ಕೆ ಇದೇ ಸಾಕ್ಷಿಯಂತೆ. ಆ ವರ್ಷ ಹಸಿರು ಮಾರ್ಗ ಎಲ್ಲಿಯವರೆಗಿತ್ತು ಎಂದು ಯಾರೂ ನೆನಪಿಸಿಕೊಳ್ಳುವುದಿಲ್ಲ. ಉತ್ತರದಿಂದ ಬಂದ ಮೆಟ್ರೊ ಸಂಪಿಗೆ ರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಅದು ಮೆಜೆಸ್ಟಿಕ್ ದಾಟಿ ದಕ್ಷಿಣದ ಅರ್ಧಕ್ಕೆ ಕೂಡಿಕೊಂಡದ್ದು 2017ರ ಜೂನಿನಲ್ಲಿ. ಹೆಂಗಸರು ಮಕ್ಕಳನ್ನು ನಸುಕಿನಲ್ಲಿ ಪೀಣ್ಯದಲ್ಲಿ ಇಳಿಸಿ, ಅಲ್ಲಿಂದ ಮುಂದೆ ಹೋಗಲು ಸರಿಯಾದ ದಾರಿಯನ್ನೇ ಕೊಡದೆ, ‘ಜನ ಒಪ್ಪಲಿಲ್ಲ’ ಎಂದರೆ ಹೇಗೆ? ಜನ ತಿರಸ್ಕರಿಸಿದ್ದು ಸಂಪರ್ಕವಿಲ್ಲದ ಅಂಚನ್ನು. ಸಂಪರ್ಕವಿರುವ ಅಂಚು ಆಗ ಇರಲೇ ಇಲ್ಲ, ಈಗ ಇದೆ.

ನಡುವೂರಿನ ಸೂತ್ರ ಇವತ್ತಿಗೂ ನಡೆಯುವ ಊರುಗಳಿವೆ. ಮೈಸೂರಿನಲ್ಲಿ ಗಾಂಧಿ ಚೌಕದ ಆಸುಪಾಸು ತಂಗಿದರೆ ಅರಮನೆ, ದೇವರಾಜ ಮಾರುಕಟ್ಟೆ, ಗ್ರಾಮಾಂತರ ಬಸ್ ನಿಲ್ದಾಣ ಎಲ್ಲ ನಡೆದು ಹೋಗುವ ದೂರ, ಅಲ್ಲಿ ಬೇರೆ ಯೋಚನೆಯೇ ಬೇಡ. ಮಂಗಳೂರಿಗೆ ಬಂದರೆ ಆಗಲೇ ಸೂತ್ರ ಸಡಿಲ. ಹಂಪನಕಟ್ಟೆಯ ಹತ್ತಿರದ ಸೆಂಟ್ರಲ್ ಸ್ಟೇಷನ್ ನೋಡಿ ರೂಮು ಮಾಡಿದವರು, ಮುಂಬೈ ಕಡೆಯ ಹಲವು ರೈಲುಗಳು ಕಂಕನಾಡಿಯ ಜಂಕ್ಷನ್ನಿನಲ್ಲಿ ಮಾತ್ರ ನಿಲ್ಲುತ್ತವೆಂದು ಟಿಕೆಟ್ ಕೈಗೆ ಬಂದ ಮೇಲೆ ತಿಳಿಯುತ್ತಾರೆ. ಮುಂಬೈ ಕೇಳಲೇಬೇಡಿ. ಆ ಊರು ಉದ್ದಕ್ಕೆ ಮಲಗಿದೆ, ಅದರ ಹಳೆಯ ‘ನಡು’ ಎನಿಸಿಕೊಂಡ ಫೋರ್ಟ್ ಇರುವುದು ದಕ್ಷಿಣದ ತುದಿಯಲ್ಲಿ. ಪರೇಲಿನ ಟಾಟಾ ಆಸ್ಪತ್ರೆಗೆ ಹೋಗುವ ಬೆಳಗಾವಿ, ಕಾರವಾರದ ಜನ ದಾದರ್ ಸುತ್ತಮುತ್ತ ಇಳಿದುಕೊಳ್ಳುವುದನ್ನು ಕಲಿತಿದ್ದಾರೆ. ಮುಂಬೈಯಲ್ಲಿ ಬರುವ ಬುದ್ಧಿ ಬೆಂಗಳೂರಿನಲ್ಲಿ ಯಾಕೆ ಕೈಕೊಡುತ್ತದೆ ಎಂದರೆ, ಮುಂಬೈ ಪರರದು ಎಂದು ಎಚ್ಚರದಿಂದ ವಿಚಾರಿಸುತ್ತೇವೆ. ಬೆಂಗಳೂರು ನಮ್ಮದು, ವಿಚಾರಿಸುವುದೇನು ಎಂಬ ಸಲಿಗೆ.

ಆ ಸಲಿಗೆಗೆ ನೀರೆರೆಯುವವರು ಬೆಂಗಳೂರಿನಲ್ಲೇ ಇರುವ ನಾವು. ತಮ್ಮ ಊರಿನಲ್ಲಿ ಯಾರೂ ಲಾಡ್ಜ್ ಮಾಡುವುದಿಲ್ಲ. ಹಾಗಾಗಿ ಊರಿನ ಲಾಡ್ಜುಗಳ ಬಗ್ಗೆ ಊರಿನವರಿಗಿಂತ ಕಡಿಮೆ ತಿಳಿದವರು ಇನ್ನೊಬ್ಬರಿಲ್ಲ. ನಾವು ಇಪ್ಪತ್ತೈದು ವರ್ಷದ ಹಿಂದೆ ಪೆಟ್ಟಿಗೆ ಹಿಡಿದು ಬಂದಿಳಿದ ಮೆಜೆಸ್ಟಿಕ್ ನಮ್ಮ ಕಣ್ಣಿನಲ್ಲಿ ಹಾಗೇ ಇದೆ, ಅದನ್ನೇ ಈಗ ಬರುವವರಿಗೆ ದಾಟಿಸುತ್ತೇವೆ. ‘ನಮ್ಮನೇಲೇ ಇರಿ’ ಎನ್ನಲು ಮನೆ ಚಿಕ್ಕದು, ಅದಕ್ಕೊಂದು ಮುಜುಗರ. ಆ ಮುಜುಗರದಲ್ಲಿ ಬೇಗ ಫೋನ್ ಇಡಬೇಕೆಂದು ಬಾಯಿಗೆ ಸಿಕ್ಕ ಮೊದಲ ಹೆಸರು ಹೇಳಿಬಿಡುತ್ತೇವೆ.

ಆದ್ದರಿಂದ ಬೆಂಗಳೂರಿನಲ್ಲಿರುವ ಓದುಗರಲ್ಲಿ ಒಂದು ವಿನಂತಿ. ಊರಿನಿಂದ ದೊಡ್ಡಪ್ಪನೋ ಅಕ್ಕನ ಮಗಳೋ ಫೋನ್ ಮಾಡಿ ‘ಎಲ್ಲಿ ರೂಮ್ ಮಾಡಲಿ?’ ಎಂದು ಕೇಳಿದರೆ, ಯಾವ ಜಾಗದ ಹೆಸರನ್ನೂ ಹೇಳುವ ಮುಂಚೆ ಮೂರು ಪ್ರಶ್ನೆ ಕೇಳಿ: ಕೆಲಸ ಎಲ್ಲಿ, ಎಷ್ಟು ಗಂಟೆಗೆ, ಯಾವ ಬಸ್ಸಿಗೋ ರೈಲಿಗೋ ಬರುತ್ತಿದ್ದೀರಿ? ಆಮೇಲೆ ಮೆಟ್ರೊ ನಕ್ಷೆ ತೆಗೆದು ಐದು ನಿಮಿಷ ನೋಡಿ, ಮತ್ತೆ ನೀವೇ ತಿರುಗಿ ಫೋನ್ ಮಾಡಿ.